ಮೂರನೇ ಪ್ರಯತ್ನದಲ್ಲಿ ನೆಲೆನಿಂತ ಡೇಟಾ ವೇರ್‌ಹೌಸ್: ನನ್ನ ಅನುಭವ

ಕಳೆದ ವರ್ಷ ತಿಂಗಳ ಲೆಕ್ಕ ಮುಗಿಸುವ ದಿನವೊಂದರಲ್ಲಿ ನಮ್ಮ ಸಂಸ್ಥೆಯ ಹಣಕಾಸು ಮುಖ್ಯಸ್ಥರು ಡೇಟಾ ವೇರ್‌ಹೌಸ್‌ನಿಂದ (ಬೇರೆ ಬೇರೆ ವ್ಯವಸ್ಥೆಗಳ ದತ್ತಾಂಶವನ್ನು ವರದಿಗಳಿಗಾಗಿ ಒಂದೆಡೆ ಸೇರಿಸಿಡುವ ಸಂಗ್ರಹದಿಂದ) ಬಂದ ನಿವ್ವಳ ಮಾರಾಟದ ವರದಿಗೆ ತಮ್ಮ ಸ್ಪ್ರೆಡ್‌ಶೀಟ್ ತೆರೆಯದೆಯೇ ಸಹಿ ಹಾಕಿದರು. ಹೊರಗಿನವರಿಗೆ ಇದು ಸಣ್ಣ ಸಂಗತಿ. ಆದರೆ ಅದಕ್ಕೆ ಮುಂಚಿನ ಮೂರು ವರ್ಷಗಳಲ್ಲಿ ನಾವು ಕೊಟ್ಟ ಒಂದೇ ಒಂದು ಅಂಕಿಯನ್ನೂ ಅವರು ತಮ್ಮ ಹಾಳೆಯೊಂದಿಗೆ ತಾಳೆ ನೋಡದೆ ಒಪ್ಪಿರಲಿಲ್ಲ, ಮತ್ತು ಹೆಚ್ಚಿನ ಸಲ ಅವರ ಅನುಮಾನವೇ ಸರಿಯಾಗಿರುತ್ತಿತ್ತು. ಎರಡು ಸಲ ಸೋತು, ಮೂರನೇ ಸಲ ತಂತ್ರಜ್ಞಾನವನ್ನು ಬದಿಗಿಟ್ಟು ವ್ಯವಹಾರದ ಕಡೆಯಿಂದ ವಿನ್ಯಾಸ ಆರಂಭಿಸಿದಾಗ ಮಾತ್ರ ಕೆಲಸ ಕೈಗೂಡಿತು. ಹಾಗೆ ಆರಂಭಿಸುವುದು ಬೇಡವೆಂದು ಹೇಳಿದವರು ಒಳಗೂ ಇದ್ದರು, ಹೊರಗಿನ ಸಲಹೆಗಾರರಲ್ಲೂ ಇದ್ದರು. ಸ್ಟಾರ್ ಸ್ಕೀಮಾ (ನಡುವೆ ವಹಿವಾಟಿನ ಟೇಬಲ್, ಸುತ್ತ ವಿವರಗಳ ಟೇಬಲ್), ಇಟಿಎಲ್ (ದತ್ತಾಂಶ ತೆಗೆದು, ರೂಪ ಬದಲಿಸಿ, ತುಂಬುವುದು), ಸರೊಗೇಟ್ ಕೀ (ವೇರ್‌ಹೌಸ್ ತಾನೇ ಕೊಡುವ ಗುರುತು ಸಂಖ್ಯೆ) ಇವುಗಳ ಪರಿಚಯ ಓದುವವರಿಗೆ ಇದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬಂದವು. ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಇರಬಹುದು.

ನಮ್ಮದು ಯಂತ್ರಗಳ ಬಿಡಿಭಾಗಗಳ ಸಗಟು ವಿತರಣೆ ಮಾಡುವ ಸಂಸ್ಥೆ. ಮೂಲ ವ್ಯವಸ್ಥೆಗಳು, ಅಂದರೆ ದತ್ತಾಂಶ ಹುಟ್ಟುವ ದಿನನಿತ್ಯದ ತಂತ್ರಾಂಶಗಳು, ಹನ್ನೊಂದು ಇದ್ದವು. ಅವುಗಳಲ್ಲಿ ಎರಡು ನಾವು ಕೊಂಡ ಬೇರೆ ಸಂಸ್ಥೆಗಳೊಂದಿಗೆ ಬಂದವು. ಮೊದಲ ಪ್ರಯತ್ನದಲ್ಲಿ ಎಂಟು ಜನರ ತಂಡ ಆ ಹನ್ನೊಂದರಲ್ಲಿದ್ದ ಸುಮಾರು 1,400 ಟೇಬಲ್‌ಗಳನ್ನೂ ಒಂದೆಡೆ ತಂದು ಸುರಿಯಿತು. ದತ್ತಾಂಶವೆಲ್ಲ ಒಂದೇ ಸೂರಿನಡಿ ಬಂದರೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ ಎಂಬುದು ನಮ್ಮ ನಂಬಿಕೆಯಾಗಿತ್ತು. ಹದಿನಾಲ್ಕು ತಿಂಗಳು ಕಳೆದವು, ಮೂರು ವರ್ಷಕ್ಕೆಂದು ಮಂಜೂರಾಗಿದ್ದ ಹಣದಲ್ಲಿ ಮೂರನೇ ಎರಡು ಪಾಲು ಖರ್ಚಾಯಿತು. ಕೊನೆಗೆ ಕ್ವೆರಿ ಲಾಗ್ (ಯಾರು ಯಾವ ಟೇಬಲ್‌ನಿಂದ ದತ್ತಾಂಶ ಕೇಳಿದರು ಎಂಬ ದಾಖಲೆ) ತೆಗೆದು ನೋಡಿದಾಗ ಯಾರಾದರೂ ಮುಟ್ಟಿದ್ದ ಟೇಬಲ್‌ಗಳು ಅರವತ್ತರ ಆಸುಪಾಸಿನಲ್ಲಿದ್ದವು, ಮತ್ತು ಅವುಗಳನ್ನು ಮುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ತಂಡದವರೇ ಆಗಿದ್ದರು. ಆ ಲಾಗ್ ಅನ್ನು ಮುದ್ರಿಸಿ ಇಂದಿಗೂ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದಕ್ಕಿಂತ ದುಬಾರಿಯಾದ ಕಾಗದ ನನ್ನ ಬಳಿ ಬೇರೆ ಇಲ್ಲ.

ಆ ದಿನಗಳಲ್ಲಿ ನಾವು ವೇರ್‌ಹೌಸ್ ವಿನ್ಯಾಸದ ತಜ್ಞ ಬಿಲ್ ಇನ್ಮನ್ ಅವರ ಮಾರ್ಗದಲ್ಲಿ ಹೋಗುತ್ತಿದ್ದೇವೆ ಎಂದು ಹೇಳಿಕೊಳ್ಳುತ್ತಿದ್ದೆವು. ಅದು ನಿಜವಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಬಿಲ್ ಇನ್ಮನ್ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಮೊದಲನೆಯದೇ ವೇರ್‌ಹೌಸ್ ವಿಷಯಗಳ ಸುತ್ತ ಕಟ್ಟಿದ್ದಾಗಿರಬೇಕು ಎನ್ನುವುದು; ಒಗ್ಗೂಡಿರಬೇಕು, ಕಾಲದ ಗುರುತು ಇರಬೇಕು, ಒಮ್ಮೆ ಸೇರಿದ್ದು ಅಳಿಯಬಾರದು ಎನ್ನುವುವು ಆ ಮೇಲಿನವು. ನಾವು ಕಟ್ಟಿದ್ದು ಮೂಲ ವ್ಯವಸ್ಥೆಗಳ ಸುತ್ತ. ಟೇಬಲ್‌ಗಳ ಹೆಸರುಗಳು ಸಹ ಮೂಲದಲ್ಲಿ ಇದ್ದಂತೆಯೇ ಉಳಿದಿದ್ದವು. ಹಾಗಾಗಿ ಮಾರಾಟ ವಿಭಾಗದ ವ್ಯಕ್ತಿಯೊಬ್ಬರು ತಮಗೆ ಬೇಕಾದ ಅಂಕಿ ತೆಗೆಯಲು ಮೂಲ ವ್ಯವಸ್ಥೆಯ ಟೇಬಲ್ ರಚನೆಯನ್ನೇ ಕಲಿಯಬೇಕಾಗುತ್ತಿತ್ತು. ಅವರೇಕೆ ಕಲಿಯಬೇಕು?

ಎರಡನೇ ಪ್ರಯತ್ನ ಇದಕ್ಕೆ ನೇರ ವಿರುದ್ಧ. ಒಂದೊಂದು ವಿಭಾಗಕ್ಕೆ ಒಂದೊಂದು ಡೇಟಾ ಮಾರ್ಟ್ (ಆ ವಿಭಾಗಕ್ಕೆ ಬೇಕಾದಷ್ಟೇ ದತ್ತಾಂಶದ ಸಣ್ಣ ವೇರ್‌ಹೌಸ್) ಕಟ್ಟಿಕೊಟ್ಟೆವು. ಏಳೇ ತಿಂಗಳಲ್ಲಿ ನಾಲ್ಕು ಮಾರ್ಟ್ ಎದ್ದು ನಿಂತವು, ಎಲ್ಲರೂ ಬಳಸಿದರು, ಎಲ್ಲರೂ ಮೆಚ್ಚಿದರು. ಎಂಟನೇ ತಿಂಗಳಲ್ಲಿ ಆಡಳಿತ ಮಂಡಳಿಯ ಸಭೆಯಲ್ಲಿ ನಮಗೆ ಎಷ್ಟು ಗ್ರಾಹಕರಿದ್ದಾರೆ ಎಂಬ ಪ್ರಶ್ನೆ ಬಂದಾಗ ಮಾರಾಟದವರು 38,000 ಎಂದರು, ಹಣಕಾಸಿನವರು 41,000 ಎಂದರು, ಸೇವಾ ವಿಭಾಗದವರು 52,000 ಎಂದರು. ಯಾರೂ ಸುಳ್ಳು ಹೇಳಿರಲಿಲ್ಲ. ಮಾರಾಟದವರು ಕಳೆದ ಹನ್ನೆರಡು ತಿಂಗಳಲ್ಲಿ ಆರ್ಡರ್ ಕೊಟ್ಟವರನ್ನು ಎಣಿಸಿದ್ದರು, ಹಣಕಾಸಿನವರು ಖಾತೆ ತೆರೆದಿರುವವರನ್ನು, ಸೇವಾ ವಿಭಾಗದವರು ತಾವು ಭೇಟಿ ಕೊಡುವ ಒಂದೊಂದು ಸ್ಥಳವನ್ನೂ. ಆ ಸಭೆಯಿಂದ ಹೊರಬಂದ ಮೇಲೆ ವೇರ್‌ಹೌಸ್ ಎಂಬ ಪದವನ್ನೇ ಆರು ತಿಂಗಳ ಕಾಲ ಯಾರೂ ನನ್ನೆದುರು ಎತ್ತಲಿಲ್ಲ. ವೇರ್‌ಹೌಸ್ ವಿನ್ಯಾಸದ ಇನ್ನೊಬ್ಬ ತಜ್ಞ ರಾಲ್ಫ್ ಕಿಂಬಲ್ ಹೇಳುವ ಮಾರ್ಟ್‌ಗಳೂ ವ್ಯವಹಾರದ ಒಂದೊಂದು ಪ್ರಕ್ರಿಯೆಗೆ ಒಂದರಂತೆಯೇ ಇರುತ್ತವೆ, ಆದರೆ ಅವುಗಳ ಕೆಳಗೆ ಎಲ್ಲರೂ ಹಂಚಿಕೊಳ್ಳುವ ಒಂದೇ ಗ್ರಾಹಕ ಡೈಮೆನ್ಷನ್ (ಗ್ರಾಹಕರ ವಿವರಗಳ ಟೇಬಲ್), ಒಂದೇ ವಸ್ತು ಡೈಮೆನ್ಷನ್, ಒಂದೇ ದಿನಾಂಕ ಡೈಮೆನ್ಷನ್ ಇರಬೇಕು ಎನ್ನುವುದು ಅದರ ಜೀವಾಳ. ಆ ಜೀವಾಳವನ್ನು ಬಿಟ್ಟು ಹೊರಗಿನ ಆಕಾರವನ್ನು ಮಾತ್ರ ನಾವು ಎತ್ತಿಕೊಂಡಿದ್ದೆವು.

ಮೂರನೇ ಪ್ರಯತ್ನಕ್ಕೆ ಉಳಿದದ್ದು ನಾಲ್ಕು ಜನ ಮತ್ತು ಮೊದಲಿನ ಬಜೆಟ್‌ನ ಕಾಲು ಭಾಗಕ್ಕೂ ಕಡಿಮೆ ಹಣ. ನಾನು ಕೇಳಿಕೊಂಡದ್ದು ಒಂದೇ: ಮೊದಲ ಐದು ವಾರ ಯಾರೂ ಒಂದು ಸಾಲು ಕೋಡ್ ಕೂಡ ಬರೆಯಬಾರದು, ಮತ್ತು ಆ ಐದು ವಾರ ವಿಭಾಗಗಳ ಮುಖ್ಯಸ್ಥರು ನನಗೆ ತಲಾ ಮೂರು ಗಂಟೆ ಸಮಯ ಕೊಡಬೇಕು. ಇದಕ್ಕೆ ಬಂದ ವಿರೋಧ ಸಣ್ಣದಲ್ಲ. ಒಂದೊಂದೇ ಪ್ರಶ್ನೆ ಹಿಡಿದು ಹೋದರೆ ಇಡೀ ಸಂಸ್ಥೆಯನ್ನು ಮುಟ್ಟಲು ಹತ್ತು ವರ್ಷ ಬೇಕು ಎಂದು ಸಲಹೆಗಾರರೊಬ್ಬರು ಬರಹದಲ್ಲಿಯೇ ಕೊಟ್ಟರು. ಮಾರಾಟ ಮುಖ್ಯಸ್ಥರು, ನಿಮಗೆ ಬೇಕಾದ ಎಲ್ಲ ದತ್ತಾಂಶ ನಮ್ಮ ವ್ಯವಸ್ಥೆಯಲ್ಲಿಯೇ ಇದೆ, ಮತ್ತೆ ನಮ್ಮನ್ನೇಕೆ ಕೇಳುತ್ತೀರಿ ಎಂದರು.

ನಾನು ಅವರಲ್ಲಿ ದತ್ತಾಂಶ ಕೇಳಲಿಲ್ಲ, ವರದಿಯ ನಮೂನೆಯನ್ನೂ ಕೇಳಲಿಲ್ಲ. ಪ್ರತಿಯೊಬ್ಬರಿಗೂ ಕೇಳಿದ್ದು ಇಷ್ಟೇ: ಈ ಅಂಕಿ ನೀವಂದುಕೊಂಡದ್ದಕ್ಕಿಂತ ಬೇರೆಯಾಗಿ ಬಂದರೆ ನಾಳೆ ಬೆಳಿಗ್ಗೆ ನೀವು ಏನನ್ನು ಬದಲಿಸುತ್ತೀರಿ? ಉತ್ತರ ಇಲ್ಲದ ಪ್ರಶ್ನೆಯನ್ನು ಅಲ್ಲಿಯೇ ಗೌರವದಿಂದ ಕೈಬಿಟ್ಟೆ. ಹೀಗೆ 130ರಷ್ಟಿದ್ದ ಬೇಡಿಕೆಗಳು 23 ಪ್ರಶ್ನೆಗಳಿಗೆ ಇಳಿದವು. ಆ 23ರಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸಲು ನಾನು ಒಂದು ಅಂಕಪಟ್ಟಿ ಮಾಡಿಕೊಂಡಿದ್ದೇನೆ. ಹಣದ ಪರಿಣಾಮ, ದತ್ತಾಂಶದ ಸ್ಥಿತಿ, ನಿರ್ಧಾರ ತೆಗೆದುಕೊಳ್ಳುವವರ ತವಕ ಇವು ಮೂರೂ ಅದರಲ್ಲಿವೆ, ಆದರೆ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕಸುಬಿನ ಗುಟ್ಟು. ಮೊದಲ ಸ್ಥಾನಕ್ಕೆ ಬಂದದ್ದು, ಸಾಗಣೆ ಮತ್ತು ಹಿಂದಿರುಗಿಸಿದ ಸರಕಿನ ಖರ್ಚು ಕಳೆದ ಮೇಲೆ ಯಾವ ಗ್ರಾಹಕರಿಂದ ನಮಗೆ ನಿಜವಾಗಿ ಲಾಭ ಉಳಿಯುತ್ತದೆ ಎಂಬ ಪ್ರಶ್ನೆ.

ಲಾಭಕ್ಕೆ ಹೋಗುವ ಮುಂಚೆ ನಿವ್ವಳ ಮಾರಾಟ ಎಂದರೇನು ಎಂದು ತೀರ್ಮಾನವಾಗಬೇಕಿತ್ತು. ಆ ಒಂದು ಪದಕ್ಕೆ ಮೂರು ಗಂಟೆಯ ಸಭೆ ನಡೆಯಿತು, ಮತ್ತು ಇಡೀ ಯೋಜನೆಯಲ್ಲಿ ಅತ್ಯಂತ ಲಾಭ ತಂದ ಮೂರು ಗಂಟೆಗಳು ಅವೇ ಎಂದು ನಾನು ಈಗಲೂ ಹೇಳುತ್ತೇನೆ. ರಿಯಾಯಿತಿಯ ಬಗ್ಗೆ ಹತ್ತು ನಿಮಿಷದಲ್ಲಿ ಒಪ್ಪಿಗೆಯಾಯಿತು, ತೆರಿಗೆಯ ಬಗ್ಗೆ ಚರ್ಚೆಯೇ ಬೇಕಾಗಲಿಲ್ಲ. ಗಂಟು ಬಿದ್ದದ್ದು ಹಿಂದಿರುಗಿ ಬಂದ ಸರಕಿನಲ್ಲಿ. ಮಾರ್ಚ್‌ನಲ್ಲಿ ಮಾರಿದ ಸರಕು ಮೇ ತಿಂಗಳಲ್ಲಿ ವಾಪಸ್ ಬಂದರೆ ಅದನ್ನು ಮಾರ್ಚ್‌ನಿಂದ ಕಳೆಯಬೇಕೋ ಮೇ ತಿಂಗಳಿನಿಂದ ಕಳೆಯಬೇಕೋ? ಮಾರಾಟದವರಿಗೆ ಮಾರ್ಚ್ ಬೇಕು, ಏಕೆಂದರೆ ಮಾರ್ಚ್‌ನ ಮಾರಾಟ ಎಷ್ಟು ಗಟ್ಟಿಯಾಗಿತ್ತು ಎಂದು ತಿಳಿಯುವುದು ಹಾಗೆಯೇ. ಹಣಕಾಸಿನವರಿಗೆ ಮೇ ಬೇಕು, ಏಕೆಂದರೆ ಮಾರ್ಚ್‌ನ ಲೆಕ್ಕ ಮುಚ್ಚಿಯಾಗಿದೆ, ಕ್ರೆಡಿಟ್ ನೋಟ್ ಹುಟ್ಟಿದ್ದು ಮೇ ತಿಂಗಳಲ್ಲಿ. ಇಬ್ಬರ ಮಾತೂ ಸರಿ, ಮತ್ತು ಇಬ್ಬರೂ ತಮ್ಮ ಅಂಕಿಯನ್ನು ನಿವ್ವಳ ಮಾರಾಟ ಎಂದೇ ಕರೆಯುತ್ತಿದ್ದರು.

ಪರಿಹಾರ ತಾಂತ್ರಿಕವಾಗಿ ಸುಲಭವಿತ್ತು: ಫ್ಯಾಕ್ಟ್ ಟೇಬಲ್‌ನ (ವಹಿವಾಟಿನ ಅಂಕಿಗಳಿರುವ ಟೇಬಲ್‌ನ) ಪ್ರತಿ ಸಾಲಿಗೂ ಲೆಕ್ಕಕ್ಕೆ ಸೇರಿದ ದಿನಾಂಕ, ಮೂಲ ಇನ್‌ವಾಯ್ಸ್‌ನ ದಿನಾಂಕ ಎರಡನ್ನೂ ಇಟ್ಟೆವು. ಕಷ್ಟವಾದದ್ದು ಹೆಸರಿನಲ್ಲಿ. ನಿವ್ವಳ ಮಾರಾಟ ಎಂಬ ಹೆಸರು ಲೆಕ್ಕಕ್ಕೆ ಸೇರಿದ ದಿನಾಂಕದ ಅಂಕಿಗೆ ಮಾತ್ರ ಸಲ್ಲುತ್ತದೆ, ಇನ್ನೊಂದನ್ನು ಇನ್‌ವಾಯ್ಸ್ ಆಧಾರಿತ ನಿವ್ವಳ ಎಂದೇ ಕರೆಯಬೇಕು, ಎರಡನ್ನೂ ಒಂದೇ ಪುಟದಲ್ಲಿ ತೋರಿಸುವ ವರದಿ ಇರಬಾರದು ಎಂದು ತೀರ್ಮಾನವಾಯಿತು. ಅದನ್ನು ಒಂದು ಪುಟದಲ್ಲಿ ಬರೆದೆ. ಆ ಪುಟದಲ್ಲಿ ಅಂಕಿಯ ಹೆಸರು, ಅದು ಉತ್ತರಿಸುವ ಪ್ರಶ್ನೆ, ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ, ಒಂದು ಸಾಲು ಎಂದರೆ ಏನು, ಯಾವುದರೊಂದಿಗೆ ತಾಳೆಯಾಗಬೇಕು ಎಂಬುದಿಷ್ಟು ಇತ್ತು. ಕೊನೆಯಲ್ಲಿ ಒಬ್ಬ ವ್ಯಕ್ತಿಯ ಹೆಸರು. ವಿಭಾಗದ ಹೆಸರು ಬರೆಯಲು ನಾನು ಒಪ್ಪಲಿಲ್ಲ, ಏಕೆಂದರೆ ಅಂಕಿ ತಪ್ಪಾದಾಗ ವಿಭಾಗಕ್ಕೆ ಫೋನ್ ಮಾಡಲು ಬರುವುದಿಲ್ಲ. ಸಹಿ ಇಲ್ಲದ ಪುಟಕ್ಕೆ ಟೇಬಲ್ ಇಲ್ಲ ಎಂಬುದನ್ನು ಅಂದಿನಿಂದ ಒಂದು ಸಲವೂ ಸಡಿಲಿಸಿಲ್ಲ.

ಗ್ರೇನ್, ಅಂದರೆ ಟೇಬಲ್‌ನ ಒಂದು ಸಾಲು ಏನನ್ನು ಸೂಚಿಸಬೇಕು ಎಂಬುದನ್ನು ಆಯ್ಕೆ ಮಾಡುವಾಗ ಇನ್‌ವಾಯ್ಸ್‌ನ ಒಂದು ಸಾಲು ಎಂದು ಗೊತ್ತುಮಾಡಿದೆವು. ಇಲ್ಲಿ ನಾವು ಕೈಸುಟ್ಟುಕೊಂಡೆವು. ಸಾಗಣೆ ಶುಲ್ಕ ಇನ್‌ವಾಯ್ಸ್‌ನ ಶಿರೋಭಾಗದಲ್ಲಿ ಒಂದೇ ಮೊತ್ತವಾಗಿ ಇರುತ್ತದೆ, ಸಾಲುಗಳಲ್ಲಿ ಇರುವುದಿಲ್ಲ. ತಂಡದ ಹೊಸಬರೊಬ್ಬರು ಶಿರೋಭಾಗವನ್ನು ಸಾಲುಗಳೊಂದಿಗೆ ಜೋಡಿಸಿ ಮೊತ್ತ ಕೂಡಿದರು; ಐದು ಸಾಲಿನ ಇನ್‌ವಾಯ್ಸ್‌ನಲ್ಲಿ 500 ಇದ್ದ ಶುಲ್ಕ 2,500 ಆಯಿತು. ಸಾಲು ಹೆಚ್ಚಿದಷ್ಟೂ ಶುಲ್ಕ ಹೆಚ್ಚುತ್ತಿದ್ದುದರಿಂದ, ಹಲವು ವಸ್ತುಗಳನ್ನು ಒಟ್ಟಿಗೆ ಕೊಳ್ಳುವ ನಮ್ಮ ಅತ್ಯುತ್ತಮ ಗ್ರಾಹಕರೇ ನಷ್ಟದವರಾಗಿ ಕಾಣಿಸಿಕೊಂಡರು. ಅದು ಪರೀಕ್ಷೆಯ ಹಂತದಲ್ಲಿಯೇ ಸಿಕ್ಕಿತು ಎಂಬುದು ನಮ್ಮ ಪುಣ್ಯ.

ಹಾಗಾದರೆ ಶುಲ್ಕವನ್ನು ಸಾಲುಗಳಿಗೆ ಹಂಚಬೇಕು. ಯಾವ ಲೆಕ್ಕದಲ್ಲಿ? ಬೆಲೆಯ ಪ್ರಕಾರ ಹಂಚುವುದು ನಮಗೆ ಸುಲಭವಿತ್ತು, ಆದರೆ ಹಗುರವಾದ ದುಬಾರಿ ಬೇರಿಂಗ್ ಮೇಲೆ ಭಾರವಾದ ಅಗ್ಗದ ಎರಕದ ಭಾಗದ ಸಾಗಣೆ ಖರ್ಚು ಬೀಳುವುದು ನ್ಯಾಯವಲ್ಲ ಎಂದು ಸಾಗಣೆ ಮುಖ್ಯಸ್ಥರು ಹೇಳಿದರು, ಮತ್ತು ತೂಕದ ಪ್ರಕಾರ ಹಂಚಬೇಕು ಎಂದು ಅವರೇ ಸಹಿ ಹಾಕಿದರು. ವಸ್ತುಗಳಲ್ಲಿ ನೂರಕ್ಕೆ ಹದಿನೈದರಷ್ಟಕ್ಕೆ ತೂಕವೇ ದಾಖಲಾಗಿರಲಿಲ್ಲ. ಒಂದು ಸಾಲಿಗೆ ತೂಕ ಇಲ್ಲದಿದ್ದರೂ ಆ ಇನ್‌ವಾಯ್ಸ್‌ಗೆ ಪೂರ್ತಿಯಾಗಿ ಬೆಲೆಯ ಲೆಕ್ಕ ಅನ್ವಯಿಸುವುದು, ಯಾವ ಲೆಕ್ಕ ಅನ್ವಯಿಸಿತು ಎಂಬ ಗುರುತನ್ನು ಸಾಲಿನಲ್ಲಿಯೇ ಇಡುವುದು ಎಂದು ಮಾಡಿಕೊಂಡೆವು. ಸಣ್ಣ ಸಂಗತಿಯಾದರೂ ಹೇಳಬೇಕಾದ ಮಾತೊಂದಿದೆ. 100ನ್ನು ಮೂರು ಸಮಪಾಲು ಮಾಡಿದರೆ 33.33ರಂತೆ ಒಟ್ಟು 99.99 ಆಗುತ್ತದೆ, ಉಳಿದ 0.01 ಅನ್ನು ಎಲ್ಲಿಯಾದರೂ ಸೇರಿಸದಿದ್ದರೆ ತಿಂಗಳ ಕೊನೆಗೆ ಲೆಡ್ಜರ್‌ನೊಂದಿಗೆ ತಾಳೆ ತಪ್ಪುತ್ತದೆ, ಮತ್ತು ಪುಡಿ ವ್ಯತ್ಯಾಸಗಳ ರಾಶಿಯೊಳಗೆ ದೊಡ್ಡ ತಪ್ಪೊಂದು ಅಡಗಿ ಕುಳಿತರೂ ಕಾಣುವುದಿಲ್ಲ. ನಾವು ಉಳಿಕೆಯನ್ನು ಅತಿ ದೊಡ್ಡ ಮೊತ್ತದ ಸಾಲಿಗೆ ಸೇರಿಸುತ್ತೇವೆ. ಮೊತ್ತದ ಕಾಲಂಗಳಿಗೆ ಫ್ಲೋಟ್ (ಅಂದಾಜಾಗಿ ಉಳಿಯುವ ಸಂಖ್ಯೆ) ಬಳಸದೆ ಡೆಸಿಮಲ್ (ನಿಖರ ದಶಮಾಂಶ) ಬಳಸಬೇಕು ಎಂಬುದು ಎಲ್ಲರಿಗೂ ಗೊತ್ತಿರುವುದೇ, ಆದರೂ ನಮ್ಮ ಎರಡನೇ ಪ್ರಯತ್ನದ ಒಂದು ಮಾರ್ಟ್‌ನಲ್ಲಿ ಫ್ಲೋಟ್ ಇತ್ತು.

ಲೆಡ್ಜರ್‌ನೊಂದಿಗೆ ತಾಳೆ ನೋಡುವ ಕೆಲಸವನ್ನು ಕೊನೆಗೆ ಉಳಿಸಬಾರದು ಎಂಬುದು ನಾನು ಹಟ ಹಿಡಿದ ಇನ್ನೊಂದು ತತ್ತ್ವ. ಡ್ಯಾಶ್‌ಬೋರ್ಡ್ ಒಂದೂ ಇಲ್ಲದಿದ್ದಾಗಲೇ ತಾಳೆಯ ವರದಿ ಓಡುತ್ತಿತ್ತು: ಪ್ರತಿ ರಾತ್ರಿ ಲೋಡ್ (ದತ್ತಾಂಶ ತುಂಬುವ ಕೆಲಸ) ಮುಗಿದ ಮೇಲೆ ವೇರ್‌ಹೌಸ್‌ನ ಮೊತ್ತ, ಲೆಡ್ಜರ್‌ನ ಮೊತ್ತ, ವ್ಯತ್ಯಾಸ. ಮೊದಲ ವಾರ ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟಿತ್ತು. ಒಂದೊಂದೇ ಕಾರಣ ಹುಡುಕಿ ತೆಗೆದು ಮೂರನೇ ವಾರದ ಹೊತ್ತಿಗೆ ಅದು ನೂರಕ್ಕೆ ಅರ್ಧಕ್ಕೆ ಇಳಿಯಿತು, ಅಲ್ಲಿಂದ ಮುಂದೆ ಜಗ್ಗಲಿಲ್ಲ. ವೇರ್‌ಹೌಸ್‌ನ ಮೊತ್ತ ಯಾವಾಗಲೂ ಹೆಚ್ಚಿರುತ್ತಿತ್ತು, ಒಂದು ದಿನವೂ ಕಡಿಮೆ ಇರುತ್ತಿರಲಿಲ್ಲ. ಹೀಗೆ ಒಂದೇ ಕಡೆಗೆ ವಾಲಿದ ವ್ಯತ್ಯಾಸ ಅಕಸ್ಮಾತ್ತಾಗಿ ಬರುವುದಿಲ್ಲ.

ಒಂದು ರಾತ್ರಿ ನಾನು ಮತ್ತು ಲೆಕ್ಕ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಶಾಖೆಯ ಒಂದು ದಿನದ ಇನ್‌ವಾಯ್ಸ್‌ಗಳನ್ನು ಹಿಡಿದು ಕುಳಿತೆವು. ಅವರ ಪಟ್ಟಿಯಲ್ಲಿ 212 ಇನ್‌ವಾಯ್ಸ್, ನಮ್ಮಲ್ಲಿ 215. ಹೆಚ್ಚಿದ್ದ ಮೂರರ ಸಂಖ್ಯೆಗಳನ್ನು ಮೂಲ ವ್ಯವಸ್ಥೆಯಲ್ಲಿ ಹುಡುಕಿದರೆ ಅವು ಅಲ್ಲಿ ಇರಲೇ ಇಲ್ಲ. ಲೆಕ್ಕಕ್ಕೆ ಸೇರುವ ಮುಂಚೆ ರದ್ದಾದ ಇನ್‌ವಾಯ್ಸ್‌ಗಳಿಗೆ ಆ ವ್ಯವಸ್ಥೆ ರದ್ದು ಎಂಬ ಗುರುತು ಹಾಕುವುದಿಲ್ಲ, ಸಾಲನ್ನೇ ಅಳಿಸಿಬಿಡುತ್ತದೆ. ನಮ್ಮ ಲೋಡ್ ಕೊನೆಯ ಬದಲಾವಣೆಯ ಸಮಯ ನೋಡಿ ಹೊಸ ಮತ್ತು ಬದಲಾದ ಸಾಲುಗಳನ್ನು ತರುತ್ತಿತ್ತು. ಅಳಿಸಿಹೋದ ಸಾಲಿಗೆ ಬದಲಾವಣೆಯ ಸಮಯ ಎಲ್ಲಿಂದ ಬರಬೇಕು? ಹಿಂದಿನ ರಾತ್ರಿ ನಮಗೆ ಬಂದ ಸಾಲು ಹಾಗೆಯೇ ನಿಂತುಬಿಡುತ್ತಿತ್ತು. ತಕ್ಷಣದ ಪರಿಹಾರವಾಗಿ ಕಳೆದ 90 ದಿನಗಳ ಕೀಗಳ (ಸಾಲುಗಳ ಗುರುತು ಸಂಖ್ಯೆಗಳ) ಪಟ್ಟಿಯನ್ನು ಮಾತ್ರ ಪ್ರತಿ ರಾತ್ರಿ ಎರಡೂ ಕಡೆ ತೆಗೆದು ಹೋಲಿಸಿ, ಮೂಲದಲ್ಲಿ ಇಲ್ಲದ್ದಕ್ಕೆ ಅಳಿದಿದೆ ಎಂಬ ಗುರುತು ಹಾಕತೊಡಗಿದೆವು. ಆರು ತಿಂಗಳ ನಂತರ ಡೇಟಾಬೇಸ್ ಲಾಗ್ ಓದಿ ಅಳಿಸಿದ್ದನ್ನೂ ಹಿಡಿಯುವ ಸಿಡಿಸಿ (ಚೇಂಜ್ ಡೇಟಾ ಕ್ಯಾಪ್ಚರ್) ಬಂತು, ಆದರೂ ಕೀ ಹೋಲಿಕೆಯನ್ನು ನಿಲ್ಲಿಸಿಲ್ಲ. ಆ ಹೋಲಿಕೆ ಆರಂಭಿಸಿದ ಮರುದಿನವೇ ವ್ಯತ್ಯಾಸ ನೂರಕ್ಕೆ 0.02ಕ್ಕೆ ಇಳಿದಿತ್ತು, ಮತ್ತು ಆ ಸಹೋದ್ಯೋಗಿ ಅಂದಿನಿಂದ ನಮ್ಮ ಪರವಾಗಿ ತಮ್ಮ ವಿಭಾಗದಲ್ಲಿ ಮಾತನಾಡತೊಡಗಿದರು.

ಇದಕ್ಕೆ ಹೊಂದಿಕೊಂಡ ಮತ್ತೊಂದು ಕ್ರಮದ ಬಗ್ಗೆ ನನಗೆ ಹೆಮ್ಮೆ ಇದೆ. ಗ್ರಾಹಕರ ಸಂಖ್ಯೆ ಸಿಗದ ಸಾಲುಗಳನ್ನು ಇನ್ನರ್ ಜಾಯಿನ್‌ನಲ್ಲಿ (ಎರಡೂ ಟೇಬಲ್‌ಗಳಲ್ಲಿ ಹೊಂದುವ ಸಾಲುಗಳನ್ನು ಮಾತ್ರ ಉಳಿಸುವ ಜೋಡಣೆಯಲ್ಲಿ) ಉದುರಿ ಹೋಗಲು ಬಿಡದೆ, ಡೈಮೆನ್ಷನ್‌ನಲ್ಲಿ ಅಜ್ಞಾತ ಗ್ರಾಹಕ ಎಂಬ ಒಂದು ಸಾಲು ಇಟ್ಟು ಅದಕ್ಕೆ ಕಟ್ಟುವುದು ಹಳೆಯ ಪದ್ಧತಿ. ನಾನು ಮಾಡಿದ್ದು, ಆ ಅಜ್ಞಾತ ಮೊತ್ತವನ್ನು ಪ್ರತಿ ವರದಿಯ ಮೊದಲ ಸಾಲಿನಲ್ಲಿಯೇ ತೋರಿಸಿದ್ದು. ಇದು ಚೆನ್ನಾಗಿ ಕಾಣುವುದಿಲ್ಲ, ತೆಗೆಯಿರಿ ಎಂದು ಹಲವರು ಹೇಳಿದರು. ತೆಗೆಯಲಿಲ್ಲ. ನೂರಕ್ಕೆ ಮೂರರಷ್ಟಿದ್ದ ಅಜ್ಞಾತ ಮೊತ್ತ ಎರಡೂವರೆ ತಿಂಗಳಲ್ಲಿ ನೂರಕ್ಕೆ 0.2ಕ್ಕೆ ಬಂತು, ಏಕೆಂದರೆ ಗ್ರಾಹಕ ದಾಖಲೆಗಳ ಹೊಣೆ ಹೊತ್ತವರು ಮೂಲದಲ್ಲಿಯೇ ಸರಿಪಡಿಸಿದರು. ವೇರ್‌ಹೌಸ್‌ನೊಳಗೆ ಅದನ್ನು ತೇಪೆ ಹಾಕಿ ಮುಚ್ಚಿದ್ದರೆ ಆ ಕೆಲಸ ಎಂದೆಂದಿಗೂ ನಮ್ಮ ಕೊರಳಿಗೇ ಸುತ್ತಿಕೊಂಡಿರುತ್ತಿತ್ತು.

ಎರಡನೇ ಪ್ರಯತ್ನವನ್ನು ಮುಳುಗಿಸಿದ್ದ ಗ್ರಾಹಕರ ಎಣಿಕೆಗೆ ಬರುತ್ತೇನೆ. ಒಂದೇ ಗ್ರಾಹಕ ಡೈಮೆನ್ಷನ್ ಮಾಡಿ ಅದರಲ್ಲಿ ಮೂರು ಮಟ್ಟ ಇಟ್ಟೆವು: ಒಡೆತನದ ಸಂಸ್ಥೆ, ಖಾತೆ, ಸರಕು ತಲುಪುವ ಸ್ಥಳ. ಗ್ರಾಹಕ ಎಂಬ ಬರಿಯ ಪದವನ್ನು ಯಾವ ವರದಿಯಲ್ಲೂ ಬಳಸುವಂತಿಲ್ಲ. ಸಕ್ರಿಯ ಖಾತೆ, ಒಟ್ಟು ಖಾತೆ, ಸೇವಾ ಸ್ಥಳ ಎಂದೇ ಬರೆಯಬೇಕು. ಹನ್ನೊಂದು ವ್ಯವಸ್ಥೆಗಳಲ್ಲಿ ಬೇರೆ ಬೇರೆ ಕಾಗುಣಿತದಲ್ಲಿದ್ದ ಹೆಸರುಗಳನ್ನು ಒಂದಕ್ಕೊಂದು ಹೊಂದಿಸಿದ ನಿಯಮಗಳ ಕ್ರಮ ನಾವು ಬಹಳ ಬೆಲೆ ತೆತ್ತು ಕಂಡುಕೊಂಡದ್ದು, ಅದನ್ನು ಹೊರಗೆ ಬಿಡಲಾರೆ. ಹೆಸರಿನಿಂದ ಆರಂಭಿಸಬೇಡಿ ಎಂಬುದನ್ನು ಮಾತ್ರ ಹೇಳುತ್ತೇನೆ.

ದಿನಾಂಕ ಡೈಮೆನ್ಷನ್‌ನಲ್ಲಿಯೂ ಇದೇ ಬಗೆಯ ಜಗಳ ಅಡಗಿತ್ತು. ಹಣಕಾಸಿನವರು ನಾಲ್ಕು, ನಾಲ್ಕು, ಐದು ವಾರಗಳ ಲೆಕ್ಕದ ತಿಂಗಳು ಇಟ್ಟುಕೊಂಡಿದ್ದರು, ಮಾರಾಟದವರು ಕ್ಯಾಲೆಂಡರ್ ತಿಂಗಳು. ಐವತ್ತೆರಡು ವಾರ ಎಂದರೆ 364 ದಿನ, ಹಾಗಾಗಿ ಐದಾರು ವರ್ಷಕ್ಕೊಮ್ಮೆ 53ನೇ ವಾರ ಬಂದೇ ಬರುತ್ತದೆ, ಮತ್ತು ಆ ವರ್ಷವನ್ನು ಹಿಂದಿನ ವರ್ಷದೊಂದಿಗೆ ಸುಮ್ಮನೆ ಹೋಲಿಸಿದರೆ ಇಲ್ಲದ ಬೆಳವಣಿಗೆ ಕಾಣುತ್ತದೆ. ಹೋಲಿಕೆಯ ವಾರ ಯಾವುದು ಎಂಬುದನ್ನು ಡೈಮೆನ್ಷನ್‌ನಲ್ಲಿಯೇ ಒಂದು ಕಾಲಂ ಆಗಿ ಬರೆದಿಟ್ಟೆವು. ಅದನ್ನು ವರದಿ ಮಾಡುವವರ ಜಾಣ್ಮೆಗೆ ಬಿಡಬಾರದು.

ಇತಿಹಾಸ ಉಳಿಸುವ ವಿಚಾರದಲ್ಲಿ ನನ್ನದೇ ತಪ್ಪು ಒಂದಿದೆ. ಗ್ರಾಹಕ ಡೈಮೆನ್ಷನ್‌ನ ಎಲ್ಲ ಕಾಲಂಗಳಿಗೂ ಎರಡನೇ ಬಗೆಯ (ಬದಲಾದಾಗ ಹಳೆಯ ಸಾಲು ಉಳಿಸಿ ಹೊಸ ಸಾಲು ಸೇರಿಸುವ) ಇತಿಹಾಸ ಹಚ್ಚಿದೆ; ಮುಂದೆ ಯಾವುದು ಬೇಕಾಗುತ್ತದೋ ಎಂಬ ಎಚ್ಚರಿಕೆ ಅದರ ಹಿಂದಿತ್ತು. ಆ ಕಾಲಂಗಳಲ್ಲಿ ಬಾಕಿ ಮೊತ್ತವೂ ಒಂದು. ದಿನಕ್ಕೆ ಐದು ಸಾವಿರ ಖಾತೆಗಳ ಬಾಕಿ ಬದಲಾಗುತ್ತಿತ್ತು, ಪ್ರತಿಯೊಂದಕ್ಕೂ ಹೊಸ ಸಾಲು ಹುಟ್ಟುತ್ತಿತ್ತು, ನಾಲ್ಕು ತಿಂಗಳಲ್ಲಿ 41,000 ಸಾಲಿನ ಡೈಮೆನ್ಷನ್ ಆರು ಲಕ್ಷ ದಾಟಿತು. ಬಾಕಿಯನ್ನು ಅಲ್ಲಿಂದ ಕಿತ್ತು ದಿನಕ್ಕೊಂದು ಸ್ನ್ಯಾಪ್‌ಶಾಟ್ ಇರುವ ಪ್ರತ್ಯೇಕ ಫ್ಯಾಕ್ಟ್ ಟೇಬಲ್‌ಗೆ ಹಾಕಲು ಮೂರು ವಾರ ಹೋಯಿತು. ಅಲ್ಲಿಯೂ ಎಚ್ಚರ ಬೇಕು: ಬಾಕಿಯನ್ನು ಖಾತೆಗಳ ಮೇಲೆ ಕೂಡಬಹುದು, ದಿನಗಳ ಮೇಲೆ ಕೂಡಬಾರದು. ಅದಾದ ಮೇಲೆ ಪ್ರತಿ ಕಾಲಂನ ಒಡೆಯರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಇಂದು ಬದಲಾದರೆ ಕಳೆದ ವರ್ಷದ ವರದಿಯೂ ಬದಲಾಗಬೇಕೇ? ಫೋನ್ ಸಂಖ್ಯೆಗೆ ಬದಲಾಗಲಿ ಎನ್ನುತ್ತಾರೆ, ಮಾರಾಟ ವಲಯಕ್ಕೆ ಬದಲಾಗಲೇಬಾರದು ಎನ್ನುತ್ತಾರೆ. ಮೊದಲ ಬಗೆ (ಹಳೆಯದರ ಮೇಲೆಯೇ ಬರೆಯುವುದು), ಎರಡನೇ ಬಗೆ ಎಂಬ ನಮ್ಮ ಭಾಷೆಯನ್ನು ಅವರಿಗೆ ಕಲಿಸುವ ಅಗತ್ಯವೇ ಬರುವುದಿಲ್ಲ. ಇಡೀ ಡೈಮೆನ್ಷನ್‌ನಲ್ಲಿ ಇತಿಹಾಸ ಬೇಕಾದ ಕಾಲಂಗಳು ಕೊನೆಗೆ ಏಳು ಮಾತ್ರ ಉಳಿದವು.

ಹಣದ ವಿಚಾರದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ನಾವು ನಿರೀಕ್ಷಿಸದ ಕಡೆಯಿಂದ. ನಮ್ಮ ಕ್ಲೌಡ್ ಸೇವೆಯಲ್ಲಿ ಕ್ವೆರಿ ಎಷ್ಟು ದತ್ತಾಂಶ ಓದುತ್ತದೋ ಅಷ್ಟಕ್ಕೆ ಬಿಲ್ ಬರುತ್ತದೆ. ಒಂದು ಡ್ಯಾಶ್‌ಬೋರ್ಡ್ ಐದು ನಿಮಿಷಕ್ಕೊಮ್ಮೆ ತಾನಾಗಿ ಹೊಸದಾಗುವಂತೆ ಯಾರೋ ಇಟ್ಟಿದ್ದರು, ಮತ್ತು ಅದು ಪ್ರತಿ ಸಲವೂ ಮೂರು ವರ್ಷದ ಫ್ಯಾಕ್ಟ್ ಟೇಬಲ್ ಅನ್ನು ಪೂರ್ತಿಯಾಗಿ ಓದುತ್ತಿತ್ತು. ತಿಂಗಳ ಬಜೆಟ್ ಒಂಬತ್ತು ದಿನದಲ್ಲಿ ಮುಗಿಯಿತು. ದತ್ತಾಂಶವಾದರೂ ರಾತ್ರಿಗೊಮ್ಮೆ ಮಾತ್ರ ಬದಲಾಗುತ್ತಿತ್ತು! ಟೇಬಲ್ ಅನ್ನು ದಿನಾಂಕದ ಪ್ರಕಾರ ಪಾರ್ಟಿಷನ್ ಮಾಡಿ (ಬೇಕಾದಷ್ಟೇ ಓದಲು ಭಾಗಗಳಾಗಿ ಬೇರ್ಪಡಿಸಿ), ದಿನದ ಮಟ್ಟದ ಸಾರಾಂಶ ಟೇಬಲ್ ಒಂದನ್ನು ಕಟ್ಟಿ, ಡ್ಯಾಶ್‌ಬೋರ್ಡ್ ಲೋಡ್ ಮುಗಿದಾಗ ಮಾತ್ರ ಹೊಸದಾಗುವಂತೆ ಮಾಡಿದ ಮೇಲೆ ಬಿಲ್ ಐದನೇ ಒಂದು ಪಾಲಿಗೆ ಇಳಿಯಿತು. ಆಗಿನಿಂದ ಪ್ರತಿ ಅಂಕಿಯ ಒಡೆಯರಿಗೂ ಆ ಅಂಕಿಯ ತಿಂಗಳ ಖರ್ಚು ಎಷ್ಟು ಎಂದು ಕಳುಹಿಸುತ್ತೇವೆ. ಹಣ ಕೇಳುವುದಿಲ್ಲ, ತಿಳಿಸುತ್ತೇವೆ ಅಷ್ಟೇ. ಆ ಪತ್ರ ನೋಡಿಯೇ ಮೂವರು ತಮ್ಮ ವರದಿ ಬೇಡವೆಂದು ನಿಲ್ಲಿಸಿದರು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಪೂರೈಕೆದಾರರ ವಿಷಯವೊಂದಕ್ಕೆ ಡೇಟಾ ವಾಲ್ಟ್ ಮಾದರಿ ಪ್ರಯತ್ನಿಸಿದೆ. ಯಾವ ದತ್ತಾಂಶ ಯಾವಾಗ ಎಲ್ಲಿಂದ ಬಂತು ಎಂದು ಆಡಿಟ್‌ನವರಿಗೆ ತೋರಿಸಲು ಅದು ಸೊಗಸಾಗಿದೆ, ಆದರೆ ಹಬ್ (ಗುರುತು), ಲಿಂಕ್ (ಸಂಬಂಧ), ಸ್ಯಾಟಲೈಟ್ (ವಿವರ) ಎಂದು ಟೇಬಲ್‌ಗಳು ಹೆಚ್ಚಿ ನಾಲ್ಕು ಜನರ ತಂಡಕ್ಕೆ ಭಾರವಾಯಿತು. ಎಲ್ಲ ಡೈಮೆನ್ಷನ್‌ಗಳನ್ನೂ ಸೇರಿಸಿ ಒಂದೇ ಅಗಲವಾದ ಟೇಬಲ್ ಮಾಡಿಯೂ ನೋಡಿದೆ. ಕಾಲಂ ಆಧಾರಿತ ಸಂಗ್ರಹದಲ್ಲಿ (ದತ್ತಾಂಶವನ್ನು ಸಾಲಿನ ಬದಲು ಕಾಲಂ ಪ್ರಕಾರ ಇಡುವಲ್ಲಿ) ಅದು ವೇಗವಾಗಿಯೇ ಓಡಿತು, ಆದರೆ ಮಾರಾಟ ವಲಯಗಳನ್ನು ಮರುವಿಂಗಡಿಸಿದ ದಿನ ಇಡೀ ಟೇಬಲ್ ಹೊಸದಾಗಿ ಬರೆಯಬೇಕಾಯಿತು. ಈಗ ಅದನ್ನು ಒಂದು ವಿಶ್ಲೇಷಣೆಗೆ ಮಾತ್ರ ಇಟ್ಟಿದ್ದೇನೆ. ಹದಿನೈದು ನಿಮಿಷಕ್ಕೊಮ್ಮೆ ಲೋಡ್ ಮಾಡುವ ವ್ಯವಸ್ಥೆಯನ್ನೂ ಎಲ್ಲರ ಒತ್ತಾಯಕ್ಕೆ ಕಟ್ಟಿದೆ. ದಿನದ ನಡುವೆ ಆ ಅಂಕಿ ನೋಡಿ ಯಾವ ನಿರ್ಧಾರ ತೆಗೆದುಕೊಂಡಿರಿ ಎಂದು ಎರಡು ತಿಂಗಳ ನಂತರ ಕೇಳಿದಾಗ ಸರಕು ರವಾನೆಯವರ ಬಳಿ ಮಾತ್ರ ಉತ್ತರವಿತ್ತು. ಅವರಿಗೆ ಉಳಿಸಿ ಉಳಿದವರಿಗೆ ನಿಲ್ಲಿಸಿದೆ.

ಹಳೆಯ ವರದಿಗಳ ಕಾಡು ಕಡಿಯಲು ಬಳಸಿದ ಉಪಾಯವೂ ಫಲ ಕೊಟ್ಟಿತು. ಹಿಂದಿನ ಎರಡು ಪ್ರಯತ್ನಗಳಿಂದ ಉಳಿದಿದ್ದ ಸುಮಾರು 340 ವರದಿಗಳನ್ನು ಅಳಿಸದೆ 60 ದಿನ ಕಣ್ಣಿಗೆ ಬೀಳದಂತೆ ಮಾಡಿದೆವು. ಬೇಕೆಂದು ಕೇಳಿ ಬಂದವರು ಹನ್ನೊಂದು ಜನ, ಅವರು ಕೇಳಿದ ವರದಿಗಳು ಹದಿನಾಲ್ಕು. ವರ್ಷದ ಕೊನೆಯಲ್ಲಿ ಮಾತ್ರ ಬೇಕಾಗುವ ವರದಿಗಳನ್ನು ಮೊದಲೇ ಬೇರೆ ತೆಗೆದಿಟ್ಟಿದ್ದೆ. ಅದನ್ನು ಮಾಡದೆ ಈ ಉಪಾಯಕ್ಕೆ ಕೈಹಾಕಬಾರದು.

ಮೊದಲ ಪ್ರಶ್ನೆಗೆ ಉತ್ತರ ಬರಲು ಐದು ತಿಂಗಳು ಹಿಡಿಯಿತು. ವಹಿವಾಟಿನ ಗಾತ್ರದಲ್ಲಿ ಮೊದಲ 200 ಖಾತೆಗಳ ಪೈಕಿ ನಲವತ್ತರಷ್ಟು ಖಾತೆಗಳು ಸಾಗಣೆ ಮತ್ತು ವಾಪಸಾತಿಯ ಖರ್ಚು ಕಳೆದರೆ ನಷ್ಟದಲ್ಲಿದ್ದವು, ಮತ್ತು ಅವುಗಳಲ್ಲಿ ಹೆಚ್ಚಿನವು ದಿನಕ್ಕೆ ನಾಲ್ಕೈದು ಸಣ್ಣ ಆರ್ಡರ್ ಕೊಡುವಂಥವು. ಕನಿಷ್ಠ ಆರ್ಡರ್ ಮೊತ್ತವನ್ನು ಗೊತ್ತುಮಾಡಿ, ದಿನದ ಆರ್ಡರ್‌ಗಳನ್ನು ಒಂದೇ ರವಾನೆಗೆ ಸೇರಿಸಿದ ಮೇಲೆ ಉಳಿದ ಹಣ ಎಂಟು ತಿಂಗಳೊಳಗೆ ಮೂರನೇ ಪ್ರಯತ್ನದ ಒಟ್ಟು ಖರ್ಚನ್ನು ಮೀರಿತು. ಆ ಲೆಕ್ಕ ಮಾಡಿದವರು ನಾವಲ್ಲ, ಹಣಕಾಸು ವಿಭಾಗದವರು. ಎರಡನೇ ವಿಷಯವಾದ ದಾಸ್ತಾನಿಗೆ ಒಂಬತ್ತು ವಾರ ಸಾಕಾಯಿತು, ಮೂರನೆಯದಾದ ಖರೀದಿಗೆ ಆರೇ ವಾರ, ಏಕೆಂದರೆ ದಿನಾಂಕ, ವಸ್ತು, ಶಾಖೆ ಡೈಮೆನ್ಷನ್‌ಗಳು ಅಷ್ಟರಲ್ಲಿ ಸಿದ್ಧವಾಗಿ ನಿಂತಿದ್ದವು. ಹತ್ತು ವರ್ಷ ಬೇಕು ಎಂದಿದ್ದ ಕೆಲಸದಲ್ಲಿ 23 ಪ್ರಶ್ನೆಗಳ ಪೈಕಿ 17 ಇಪ್ಪತ್ತೆರಡು ತಿಂಗಳಲ್ಲಿ ಮುಗಿದಿವೆ. ಉಳಿದ ಆರರಲ್ಲಿ ಎರಡನ್ನು ಕೇಳಿದವರೇ ಬೇಡ ಎಂದು ಹಿಂದಕ್ಕೆ ಪಡೆದರು.

ಕಳೆದ ತಿಂಗಳು ಮಾರಾಟ ಮುಖ್ಯಸ್ಥರು ನನ್ನ ಮೇಜಿನ ಬಳಿ ಒಂದು ಹಾಳೆ ತಂದಿಟ್ಟರು. ಬೆಲೆ ಕೇಳಿದ ಗ್ರಾಹಕರಲ್ಲಿ ಎಷ್ಟು ಜನ ಆರ್ಡರ್ ಕೊಡುತ್ತಾರೆ ಎಂಬ ಅಂಕಿಗೆ ನಮ್ಮ ಒಂದು ಪುಟದ ನಮೂನೆಯನ್ನು ಅವರೇ ತುಂಬಿದ್ದರು. ಒಂದು ಸಾಲು ಎಂದರೆ ಏನು ಎಂಬಲ್ಲಿ, ಬೆಲೆ ಪತ್ರದ ಒಂದು ಸಾಲು, ಪರಿಷ್ಕರಿಸಿದ ಪತ್ರವಾದರೆ ಕೊನೆಯ ಪರಿಷ್ಕರಣೆ ಮಾತ್ರ ಎಂದು ಬರೆದಿದ್ದರು. ತಾಳೆಯ ಜಾಗವನ್ನು ಖಾಲಿ ಬಿಟ್ಟು, ಇದಕ್ಕೆ ಲೆಡ್ಜರ್‌ನಲ್ಲಿ ಏನೂ ಇಲ್ಲವಲ್ಲ, ಯಾವುದರೊಂದಿಗೆ ತಾಳೆ ನೋಡೋಣ ಎಂದು ಕೇಳಿದರು. ನಾವಿಬ್ಬರೂ ಅರ್ಧ ಗಂಟೆ ಕುಳಿತು, ರವಾನೆಯಾದ ಬೆಲೆ ಪತ್ರಗಳ ಕ್ರಮಸಂಖ್ಯೆಯೊಂದಿಗೆ ಎಂದು ಬರೆದೆವು. ಒಡೆಯರ ಜಾಗದಲ್ಲಿ ಅವರ ಹೆಸರೇ ಇದೆ. ಅದರ ಲೋಡ್ ಬರುವ ವಾರ ಆರಂಭವಾಗುತ್ತದೆ.